ಶಾರದಾಬಾಯಿ ಎಂಬ ನೀಲಿ ಚುಕ್ಕಿ

ದಾರಿ ತೋರಿಸುವುದೇ ನನ್ನ ಹೊಟ್ಟೆಪಾಡು. ಹೈದರಾಬಾದಿನ ಉಪ್ಪಲ್‌ನಲ್ಲಿ ಪಾರ್ಸೆಲ್ ಮುಟ್ಟಿಸುವ ಕಂಪನಿಯೊಂದಿದೆ. ಅದರ ಆಫೀಸಿನಲ್ಲಿ ಕೂತು, ಜನ ಬರೆದುಕೊಟ್ಟ ವಿಳಾಸ ಓದಿ, ಆ ಮನೆ ಎಲ್ಲಿರಬಹುದೆಂದು ಊಹಿಸಿ, ಕಂಪ್ಯೂಟರಿನ ನಕ್ಷೆಯ ಮೇಲೆ ಅಲ್ಲೊಂದು ಕೆಂಪು ಗುರುತು ನೆಡುತ್ತೇನೆ. ವಿಳಾಸಗಳು ಹೀಗಿರುತ್ತವೆ: 'ನೀರಿನ ಟ್ಯಾಂಕಿನ ಹಿಂದೆ, ಮೊದಲು ಟಾಕೀಸ್ ಇತ್ತಲ್ಲ ಅದರ ಎದುರಿನ ಗಲ್ಲಿ, ಬಂದು ಫೋನ್ ಮಾಡಿ.' ದಿನಕ್ಕೆ ಇಂಥ ಮುನ್ನೂರು. ಹೀಗೆ ಮೂರು ವರ್ಷದಿಂದ ಅರ್ಧ ತೆಲಂಗಾಣಕ್ಕೆ ದಾರಿ ತೋರಿಸಿದ ನಾನು, ಹುಮನಾಬಾದಿನಿಂದ ಮೊದಲ ಸಲ ನನ್ನ ರೂಮಿಗೆ ಬಂದ ಸ್ವಂತ ಅಪ್ಪನನ್ನು ಒಂದೂವರೆ ತಾಸು ಬಿಸಿಲಿನಲ್ಲಿ ತಿರುಗಿಸಿದೆ. ಕೊನೆಗೆ ನಾನೇ ಇಳಿದು ಹೋಗಿ ಕರೆತಂದೆ. ಅಪ್ಪ ಒಂದು ಚೊಂಬು ನೀರು ಕುಡಿದು ಕೇಳಿದರು: "ವೈಭವ, ನಿನಗ ಪಗಾರ ಕೊಡಾವ್ರು ಯಾರಪಾ? ಭಾಳ ಪುಣ್ಯವಂತರು ಇರಬೇಕು."

ಈ ಬರಹ ನನ್ನ ಬಗ್ಗೆ ಅಲ್ಲ. ಆದರೆ ಶಾರದಾಬಾಯಿಯವರ ಬಗ್ಗೆ ಹೇಳಬೇಕಾದರೆ, ಅವರ ಪಾಲಿಗೆ ಎಂಥ ಶಿಷ್ಯರು ಬಂದಿದ್ದರೆಂಬುದು ಮೊದಲೇ ತಿಳಿದಿರಲಿ.

ನಮ್ಮ ಕಂಪನಿಗೆ ಫ್ರಾನ್ಸಿನ ವಿಳಾಸಗಳನ್ನು ತಿದ್ದುವ ಕೆಲಸವೂ ಬಂತು. ಫ್ರೆಂಚ್ ಭಾಷೆಯ ಮೊದಲ ಹಂತದ ಪರೀಕ್ಷೆ ಪಾಸಾದವರಿಗೆ ಆ ತಂಡದಲ್ಲಿ ಜಾಗ, ಅದೂ ಕಿಟಕಿಯ ಪಕ್ಕ. ಮೂರು ವರ್ಷದಿಂದ ನನ್ನ ಕುರ್ಚಿ ಇರುವುದು ಶೌಚಾಲಯದ ಬಾಗಿಲಿಗೆ ಎದುರಾಗಿ. ಬರುವವರು ಹೋಗುವವರೆಲ್ಲ ನನ್ನನ್ನು ನೋಡಿ ಮುಗುಳುನಗುತ್ತಾರೆ. ಆ ನಗುವಿನಿಂದ ಪಾರಾಗಲೆಂದೇ ನಾನು ಫ್ರೆಂಚ್ ಕಲಿಯಲು ಹೊರಟೆ. ಭಾಷಾಪ್ರೇಮ ಎಂದು ಹೇಳಿಕೊಂಡರೆ ನನ್ನ ಬಾಯಿಗೇ ನಗು ಬರುತ್ತದೆ.

ಇದೇ ಊರಿನ ಕೋಠಿಯಲ್ಲಿ, ಔಷಧಿಗಳ ಸಗಟು ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಮೈಸೂರಿನ ಜನಾರ್ದನ ಎಂಬುವರು ನಡೆಸುವ ಭಾಷಾ ಕೇಂದ್ರವಿದೆ. ಅಲ್ಲಿಯ ಮೂರನೇ ಖೋಲಿಯಲ್ಲಿ ಇಪ್ಪತ್ತೇಳು ವರ್ಷದಿಂದ ಫ್ರೆಂಚ್ ಕಲಿಸುತ್ತಿರುವವರು ಶಾರದಾಬಾಯಿ. ವಯಸ್ಸು ಐವತ್ತೆಂಟು. ಗುಂಡುಮೊಗ, ಇಸ್ತ್ರಿ ಮಾಡಿದ ಹತ್ತಿ ಸೀರೆ, ಎಡ ಮಂಡಿಗೆ ಪಟ್ಟಿ, ಹೆಗಲಿಗೆ ಛತ್ರಿ ಇಟ್ಟುಕೊಳ್ಳುವಷ್ಟು ಉದ್ದದ ಚೀಲ. ನಮ್ಮ ಕಡೆ ಹೆಣ್ಣುಮೇಷ್ಟರನ್ನು ಬಾಯಾರು ಎನ್ನುತ್ತೇವೆ. ಮೊದಲ ದಿನ ನಾನು ಬಾಯಿ ತಪ್ಪಿ "ನಮಸ್ಕಾರ್ರೀ ಬಾಯಾರ" ಎಂದೆ. ಅವರ ಮುಖ ಅರಳಿತು.

"ಯಾವೂರೋ ನಿಂದು?"

"ಹುಮನಾಬಾದ್ ರೀ."

"ನಮ್ಮಪ್ಪಂದು ಕಲಬುರ್ಗಿ. ಇಲ್ಲೇ ಕೋಠಿಯಾಗ ಅರಿವಿ ಅಂಗಡಿ ಇಟ್ಟಿದ್ರು. ಕೂಡು, ಮುಂದಿನ ಬೆಂಚಿಗೆ ಕೂಡು. ನಮ್ಮ ಕಡೇದವ್ರು ಹಿಂದ ಕೂತ್ರ ನಿದ್ದಿ ಮಾಡ್ತಾರ."

ಬಾಯಾರು ಫ್ರೆಂಚ್ ಕಲಿತದ್ದು ಯಾವ ಕನಸಿನ ಬೆನ್ನು ಹತ್ತಿಯೂ ಅಲ್ಲ. ಕಾಲೇಜಿಗೆ ಸೇರುವ ದಿನ ಅಪ್ಪನ ಬಟ್ಟೆ ಅಂಗಡಿಯಲ್ಲಿ ಸೀರೆ ಆರಿಸುತ್ತಿದ್ದ ಗಿರಾಕಿ ಬಿಡಲಿಲ್ಲವಂತೆ. ತಡವಾಗಿ ಹೋದಾಗ ಸಂಸ್ಕೃತದ ಪಟ್ಟಿ ತುಂಬಿತ್ತು, ಫ್ರೆಂಚ್ ಪಟ್ಟಿಯಲ್ಲಿ ನಾಲ್ಕು ಜಾಗ ಉಳಿದಿದ್ದವು. "ಒಂದು ಪತ್ತಲದ ಗಿರಾಕಿ ನನ್ನ ಹಣೇಬರಹ ಬರೆದ್ಲು ನೋಡು" ಎನ್ನುತ್ತಾರೆ. ಆದರೆ ಹೀಗೆ ಅಕಸ್ಮಾತ್ತಾಗಿ ಕೈಗೆ ಬಂದದ್ದನ್ನು ಅವರು ಬಿಡಲಿಲ್ಲ. ಎರಡು ಸಲ ಪಾಸ್‌ಪೋರ್ಟ್ ಮಾಡಿಸಿದ್ದಾರೆ. ಎರಡೂ ಒಂದೇ ಒಂದು ಮೊಹರು ಕಾಣದೆ ಮುಪ್ಪಾದವು. ಹಾಗಂತ ಫ್ರಾನ್ಸಿಗೆ ಹೋಗದೆ ಬಿಟ್ಟಿಲ್ಲ. ದಿನಾ ಬೆಳಿಗ್ಗೆ ಚಹಾ ಕುಡಿಯುತ್ತ ಕಂಪ್ಯೂಟರಿನಲ್ಲಿ ದಿಜೋನ್ ಎಂಬ ಊರಿನ ನಕ್ಷೆ ತೆರೆದು, ಬೀದಿಯ ಫೋಟೋಗಳನ್ನು ಒಂದೊಂದಾಗಿ ಒತ್ತುತ್ತ ಅರ್ಧ ತಾಸು ಅಡ್ಡಾಡಿ ಬರುತ್ತಾರೆ. ಅಲ್ಲೊಂದು ತಿರುವಿನಲ್ಲಿ ಉದ್ದನೆಯ ಬ್ರೆಡ್ ಹಿಡಿದ ಹೆಂಗಸೊಬ್ಬಳು ಫೋಟೋದಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೆ. ಬಾಯಾರು ಆಕೆಗೆ ನಮಸ್ಕಾರ ಹೇಳದೆ ಮುಂದೆ ಹೋಗುವುದಿಲ್ಲ.

"ಪಾಪ, ನಾಕು ವರ್ಷ ಆತು, ಅಲ್ಲೇ ನಿಂತಾಳ. ಮನಿ ದಾರಿ ಸಿಕ್ಕಿಲ್ಲ ಕಾಣ್ತೈತಿ."

ಅವರ ಯಜಮಾನರು ಶಿವಶರಣಪ್ಪ, ನಿವೃತ್ತ ಬಸ್ ಕಂಡಕ್ಟರ್. ಮೆಹದಿಪಟ್ಟಣಂನಿಂದ ಉಪ್ಪಲ್‌ವರೆಗಿನ ಪ್ರತಿ ಸ್ಟಾಪಿನ ಹೆಸರನ್ನೂ ದೇವರ ನಾಮದ ಹಾಗೆ ಹೇಳಬಲ್ಲವರು. ನಕ್ಷೆ ಕಂಡರೆ ಅವರಿಗೆ ಆಗದು. "ಬಾಯಿ ಅನ್ನೂದು ಎದಕ ಕೊಟ್ಟಾನ ದೇವ್ರು? ಕೇಳಾಕ!" ಎಂಬುದು ಅವರ ಸಿದ್ಧಾಂತ.

ದಸರಾ ಮುಗಿದ ವಾರ ಜನಾರ್ದನರು ನಮ್ಮ ಖೋಲಿಗೆ ಬಂದರು. ಕೈಕಟ್ಟಿಕೊಂಡು, ಸಾವಿನ ಮನೆಗೆ ಬಂದವರ ಧ್ವನಿಯಲ್ಲಿ ಮಾತಾಡಿದರು.

"ನೋಡಿ ಮೇಡಂ, ನಂಗೇನೂ ಫ್ರೆಂಚ್ ಮೇಲೆ ಸಿಟ್ಟಿಲ್ಲ. ಆದ್ರೆ ಜರ್ಮನ್‌ಗೆ ಮೆಟ್ಟಿಲ ಮೇಲೆ ಕೂತು ಪಾಠ ಕೇಳ್ತಿದಾರೆ. ನಿಮ್ಮಲ್ಲಿ ಏಳೇ ಜನ. ಹೋದ ಸಲ ಪಾಸಾಗಿದ್ದು ಮೂರು. ಡಿಸೆಂಬರ್ ಪರೀಕ್ಷೇಲಿ ಏಳರಲ್ಲಿ ಆರು ಜನ ಪಾಸಾದ್ರೆ ಸರಿ. ಇಲ್ಲಾಂದ್ರೆ ಜನವರಿಯಿಂದ ಈ ರೂಮು ಜರ್ಮನ್‌ಗೆ ಬೇಕು."

ಜನಾರ್ದನರು ಹೋದ ಮೇಲೆ ಬಾಯಾರು ಗೋಡೆಯ ಮೇಲಿನ ಹಳೇ ಫ್ರಾನ್ಸ್ ನಕ್ಷೆಯ ಮಡಚಿದ ಮೂಲೆಯನ್ನು ಬೆರಳಿನಿಂದ ಒತ್ತಿ ಸರಿಮಾಡಿದರು. ಅದು ಮತ್ತೆ ಮಡಚಿಕೊಂಡಿತು.

"ಆರು ಮಂದಿ" ಎಂದರು. "ಏಳರಾಗ ಒಬ್ಬರಿಗೆ ಮಾತ್ರ ಫೇಲಾಗಾಕ ಪರವಾನಗಿ ಐತಿ. ಯಾರಂತ ನಿಮ್ಮ ನಿಮ್ಮಾಗ ಮಾತಾಡ್ಕೋರಿ."

ಏಳೂ ಜನ ಒಬ್ಬರ ಮುಖ ಒಬ್ಬರು ನೋಡಿದೆವು. ಆರು ಜೊತೆ ಕಣ್ಣು ನನ್ನ ಮೇಲೆ ಬಂದು ನಿಂತವು.

ಪರೀಕ್ಷೆಯಲ್ಲಿ ಮಾತಿನ ಭಾಗವೇ ಕಷ್ಟ. ಮುಂದೆ ಒಂದು ಊರಿನ ನಕ್ಷೆ ಇಡುತ್ತಾರೆ. ಪರೀಕ್ಷಕರು ದಾರಿ ತಪ್ಪಿದ ಪ್ರವಾಸಿಯಂತೆ ನಟಿಸುತ್ತಾರೆ. ನಾವು ಫ್ರೆಂಚಿನಲ್ಲಿ ಅವರನ್ನು ಜಾಗಕ್ಕೆ ಮುಟ್ಟಿಸಬೇಕು. ಬಾಯಾರು ಮರುದಿನವೇ ಗೋಡೆಯ ಮೇಲೆ ದಿಜೋನ್ ನಕ್ಷೆ ತೂಗುಹಾಕಿ, ರೈಲು ನಿಲ್ದಾಣದಿಂದ ಅಂಚೆ ಕಚೇರಿಗೆ ದಾರಿ ಹೇಳಿ ಎಂದರು.

ಕಣ್ಣಿನ ಆಸ್ಪತ್ರೆಯ ರಿಸೆಪ್ಷನ್‌ನಲ್ಲಿ ಕೆಲಸ ಮಾಡುವ ರಾಯಚೂರಿನ ಸಪ್ನಾ ಮೊದಲು ಎದ್ದಳು. ನಮ್ಮಲ್ಲಿ ಜಾಣೆ ಅವಳೇ. ಫ್ರೆಂಚಿನಲ್ಲಿ ಸರಾಗವಾಗಿ, "ಹೋಗಿ, ಹೋಗಿ, ಹೋಗ್ತಾ ಇರಿ, ಒಂದು ಚರ್ಚ್ ಬರುತ್ತೆ, ಅಲ್ಲಿ ಯಾರನ್ನಾದ್ರೂ ಕೇಳಿ" ಎಂದಳು. ಕಲಬುರಗಿಯ ದೀಪಕ ಎರಡೂ ಕೈ ಎತ್ತಿ, "ಹೀಗೆ ಹೋಗಿ, ಆಮೇಲೆ ಹೀಗೆ" ಎಂದು ಗಾಳಿಯಲ್ಲಿ ಈಜಿದ. ಕೊನೆಗೆ ನಾನು. ಇಡೀ ವಾಕ್ಯ ಮನಸ್ಸಿನಲ್ಲೇ ಜೋಡಿಸಿಕೊಂಡು, ಒಂದೂ ತಪ್ಪಿಲ್ಲದೆ ಹೇಳಿದೆ: "ಅಂಚೆ ಕಚೇರಿಯ ಹತ್ತಿರ ಬಂದು ನನಗೆ ಫೋನ್ ಮಾಡಿ. ನಾನು ಬಂದು ಕರೆದುಕೊಂಡು ಹೋಗುತ್ತೇನೆ."

ಬಾಯಾರು ಕಣ್ಣು ಮುಚ್ಚಿಕೊಂಡರು. ಕಣ್ಣು ಬಿಟ್ಟು ಕನ್ನಡದಲ್ಲಿ ಕೇಳಿದರು: "ಇಲ್ಲಿಂದ ಬಸ್ ಸ್ಟಾಪಿಗೆ ಹೆಂಗ ಹೋಗೂದು? ಕನ್ನಡದಾಗ ಹೇಳು."

"ಕೆಳಗ ಇಳೀರಿ ಬಾಯಾರ. ಹಿಂಗ ಬರ್ರಿ. ಹಣ್ಣಿನ ಬಂಡಿ ಇರ್ತಾವಲ್ಲ, ಅಲ್ಲಿಂದ ಹಂಗ..." ನನ್ನ ಕೈ ಆಗಲೇ ಗಾಳಿಯಲ್ಲಿತ್ತು.

"ಹಣ್ಣಿನ ಬಂಡಿ ಇವತ್ತು ಬಂದಿಲ್ಲ ಅಂದ್ರ?"

"ಬರ್ತಾವ್ರೀ. ದಿನಾ ಬರ್ತಾವು."

ಬಾಯಾರು ಕುರ್ಚಿಯ ಮೇಲೆ ಕೂತರು. "ನಿಮಗ ಫ್ರೆಂಚ್ ಬರಂಗಿಲ್ಲ ಅಂತ ತಿಳ್ಕೊಂಡಿದ್ದೆ. ಅದು ತಪ್ಪು. ನಿಮಗ ದಾರಿ ಹೇಳಾಕ ಬರಂಗಿಲ್ಲ. ಯಾವ ಭಾಷಾದಾಗೂ."

ಮಾತು ನಿಜ. ಈ ಊರಿನಲ್ಲಿ ಎಡ, ಬಲ ಎಂದು ಯಾರೂ ಹೇಳುವುದಿಲ್ಲ. ಮೇಲ್ಸೇತುವೆಯ ಕಂಬದ ನಂಬರು ಹೇಳುತ್ತಾರೆ, ಮಸೀದಿ, ಮಾರುತಿ ಗುಡಿ, ಮುಚ್ಚಿಹೋದ ಅಂಗಡಿ ಹೇಳುತ್ತಾರೆ. ಮಾತು ಸೋತಲ್ಲಿ, ಬಂದು ಫೋನ್ ಮಾಡಿ ಎನ್ನುತ್ತಾರೆ. ಆಮೇಲೆ ಚಪ್ಪಲಿ ಮೆಟ್ಟಿ ಹೋಗಿ ಕರೆತರುತ್ತಾರೆ. ಅದು ಮರ್ಯಾದೆ ಕೂಡ. ಅತಿಥಿಗೆ ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎಂದು ಹುಕುಂ ಕೊಡುವುದು ಒಂದು ಥರಾ ಬಿರುಸು.

ಮುಂದಿನ ಸೋಮವಾರ ಬಾಯಾರು ಖೋಲಿಗೆ ಬರಲಿಲ್ಲ. ಬದಲಿಗೆ ಶಿವಶರಣಪ್ಪನವರು ಬಂದು ಅವರ ಕುರ್ಚಿಯಲ್ಲಿ ಕೂತರು. ಸಪ್ನಾಳ ಫೋನ್ ರಿಂಗಾಯಿತು. ಬಾಯಾರ ಧ್ವನಿ.

"ಕಂಪ್ಯೂಟರಿನಾಗ ಕೋಠಿ ನಕ್ಷೆ ತೆಗೀರಿ. ನಾ ಎಲ್ಲಿದೀನಿ ಅಂತ ಫೋನಿನಿಂದ ಕಳಿಸೀನಿ, ನೀಲಿ ಚುಕ್ಕಿ ಕಾಣ್ತೈತೇನು? ಹ್ಞಾ, ಆ ಚುಕ್ಕಿ ನಾನು. ಮಹಿಳಾ ಕಾಲೇಜಿನ ಗೇಟಿನ ಮುಂದ ನಿಂತೀನಿ. ನನ್ನನ್ನ ನಿಮ್ಮ ಖೋಲಿಗೆ ಕರ್ಕೊಂಡು ಬರ್ರಿ. ಫ್ರೆಂಚಿನಾಗ. ನೀವು ಹೇಳಿದಂಗ ನಡೀತೀನಿ, ತಪ್ಪು ಹೇಳಿದ್ರ ತಪ್ಪು ನಡೀತೀನಿ. ಕೈ ಆಡಿಸಾಂಗಿಲ್ಲ. ಅವರು ನೋಡ್ತಿರ್ತಾರ."

ಅವರು ನೋಡುತ್ತಿದ್ದರು. ನಲವತ್ತು ವರ್ಷ ಟಿಕೆಟ್ ಇಲ್ಲದವರನ್ನು ಹಿಡಿದ ಕಣ್ಣು ಅದು. ದೀಪಕನ ಬಲಗೈ ಬೆರಳು ಒಂದಿಂಚು ಎದ್ದರೂ, "ಏ, ಕೈ ಒಳಗ!" ಎಂದು ಗದರುತ್ತಿದ್ದರು. ಕಡೆಗೆ ಎಲ್ಲರೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆವು.

ಆ ವಾರ ಬಾಯಾರು ಕೋಠಿಯಲ್ಲಿ ಕಾಣದ ಜಾಗ ಉಳಿಯಲಿಲ್ಲ. ಸಪ್ನಾ ಅವರನ್ನು ಔಷಧಿ ಗೋದಾಮಿಗೆ ನುಗ್ಗಿಸಿದಳು. ದೀಪಕ ಮದುವೆ ಸೀರೆಯ ಅಂಗಡಿಗೆ ಹತ್ತಿಸಿದ. ಅಲ್ಲಿಯವರು ಕೂರಿಸಿ, ತಣ್ಣನೆಯ ನೀರು ಕೊಟ್ಟು, ಹನ್ನೆರಡು ಸೀರೆ ಬಿಚ್ಚಿ ತೋರಿಸಿದರಂತೆ. ಫೋನಿನಲ್ಲಿ ಒಂದು ಕಡೆ ದೀಪಕ ಫ್ರೆಂಚಿನಲ್ಲಿ "ಹಿಂದೆ ಬನ್ನಿ, ಹಿಂದೆ ಬನ್ನಿ" ಎಂದು ಬೆವರುತ್ತಿದ್ದ. ಇನ್ನೊಂದು ಕಡೆ ಬಾಯಾರು ಅಂಗಡಿಯವನಿಗೆ ತೆಲುಗಿನಲ್ಲಿ, "ಆ ನೀಲಂ ರಂಗು ಚೂಪಿಂಚಂಡಿ" ಎಂದು ನೀಲಿ ಸೀರೆ ತೋರಿಸಲು ಹೇಳುತ್ತಿದ್ದರು. ಮಂಡಿ ನೋವಿಗೆ ಎಣ್ಣೆ ಹಚ್ಚಿ ಹಚ್ಚಿ ಶಿವಶರಣಪ್ಪನವರಿಗೆ ಸಾಕಾಯಿತು. "ಇದಕ್ಕಿಂತ ನಾನ ಬಸ್ಸಿನಾಗ ಕುಂಡ್ರಿಸಿ ಫ್ರಾನ್ಸಿಗೆ ಕಳಸ್ತಿದ್ದೆ" ಎಂದರು. ಆದರೆ ಎರಡನೇ ವಾರ ಕಳೆಯುವುದರೊಳಗೆ ಎಡಕ್ಕೆ 'ಗೋಶ್', ಬಲಕ್ಕೆ 'ದ್ರ್ವಾತ್' ಎಂಬುದು ನಾಲಗೆಗೆ ಹತ್ತಿತ್ತು. ತಪ್ಪು ಹೇಳಿದರೆ ಒಬ್ಬ ಹೆಂಗಸಿನ ಮಂಡಿ ನೋಯುತ್ತದೆ ಎಂದಾಗ ವ್ಯಾಕರಣ ತಾನಾಗಿ ನೆಟ್ಟಗಾಗುತ್ತದೆ.

ಎಲ್ಲರ ಸರದಿ ಮುಗಿದು ನನ್ನದು ಉಳಿಯಿತು. ಬಾಯಾರು, "ಕೋಠಿ ಸಾಕು. ಆಯ್ತವಾರ ಉಪ್ಪಲ್‌ಗೆ ಬರ್ತೀನಿ, ನಿನ್ನ ರೂಮಿಗೆ" ಎಂದರು. ಉಳಿದವರೂ ಹೊರಟರು. ಅವರನ್ನು ನಾನು ಯಥಾಪ್ರಕಾರ ರಸ್ತೆಗೆ ಹೋಗಿ ಎರಡೆರಡೇ ಜನರನ್ನಾಗಿ ಕರೆತಂದೆ. ಮೂರನೇ ಮಹಡಿಯ ನನ್ನ ಕೋಣೆಯಲ್ಲಿ ಚಾಪೆ ಹಾಸಿ, ಲ್ಯಾಪ್‌ಟಾಪ್ ಸ್ಟೂಲಿನ ಮೇಲಿಟ್ಟು ಕೂತೆವು. ಶಿವಶರಣಪ್ಪನವರು ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡರು. ಬಾಯಾರು ಉಪ್ಪಲ್ ಮೆಟ್ರೋ ನಿಲ್ದಾಣದ ಮೆಟ್ಟಿಲ ಕೆಳಗಿಂದ ಫೋನ್ ಮಾಡಿದರು.

ನಾನು ನಕ್ಷೆಯಲ್ಲಿ ನನ್ನ ಕಟ್ಟಡದ ಹೆಸರು, ಲಕ್ಷ್ಮೀ ನಿಲಯಂ, ಎಂದು ಒತ್ತಿದೆ. ನಿಲ್ದಾಣದಿಂದ ಅಲ್ಲಿಯವರೆಗೆ ನೀಲಿ ಗೆರೆ ಮೂಡಿತು. ಅದನ್ನೇ ನೋಡುತ್ತ ಶುರುಮಾಡಿದೆ. ನೇರ ಹೋಗಿ. ಎರಡನೇ ರಸ್ತೆಯಲ್ಲಿ ಎಡಕ್ಕೆ. ಬ್ಯಾಂಕಿನ ಮುಂದಿನಿಂದ ಬಲಕ್ಕೆ. ಒಂದು ಕಡೆ ಬಾಯಾರು ಫ್ರೆಂಚಿನಲ್ಲೇ, "ಎದುರಿಗೆ ನೀರಿನ ಟ್ಯಾಂಕರ್ ನಿಂತಿದೆ, ಅದನ್ನು ಹತ್ತಿ ಇಳಿಯಲೇ?" ಎಂದು ಕೇಳಿದರು. ಅದರ ಪಕ್ಕದಿಂದ ಬನ್ನಿ ಎಂದು ಹೇಳುವಷ್ಟು ನನ್ನ ಫ್ರೆಂಚ್ ಬೆಳೆದಿತ್ತು. ನೀಲಿ ಚುಕ್ಕಿ ಸರಸರ ಸರಿದು ಕೆಂಪು ಗುರುತಿನ ಮೇಲೆ ಬಂದು ಕೂತಿತು. ಒಂದೂ ತಪ್ಪಿಲ್ಲ. ಸಪ್ನಾ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು.

"ನೀವು ಮುಟ್ಟಿದಿರಿ ಮೇಡಂ" ಎಂದು ಫ್ರೆಂಚಿನಲ್ಲಿ ಘೋಷಿಸಿದೆ. "ನೀಲಿ ಗೇಟು ತೆಗೆದು ಮೂರನೇ ಮಹಡಿಗೆ ಬನ್ನಿ."

ಆ ಕಡೆಯಿಂದ ಬಾಯಾರ ಧ್ವನಿ, ಅದೂ ಫ್ರೆಂಚಿನಲ್ಲಿ: "ಇಲ್ಲಿ ಗೇಟು ಇಲ್ಲ. ಒಬ್ಬರು ಸಮೋಸಾ ಕರಿಯುತ್ತಿದ್ದಾರೆ."

ಆ ಸಮೋಸಾ ಎಲ್ಲಿ ಕರಿಯುತ್ತಾರೆಂದು ನನಗೆ ಗೊತ್ತಿತ್ತು.

ಎರಡು ವರ್ಷದ ಹಿಂದಿನ ಮಾತು. ನನ್ನ ಕಟ್ಟಡ ಇರುವುದು ಗಲ್ಲಿಯೊಳಗಿನ ಗಲ್ಲಿಯಲ್ಲಿ. ಪಾರ್ಸೆಲ್ ತರುವವರು ದಾರಿ ಸಿಗದೆ ದಿನಾ ಫೋನ್ ಮಾಡುತ್ತಿದ್ದರು. ದಾರಿ ಹೇಳುವ ಗೋಜು ಯಾರಿಗೆ ಬೇಕು? ಆನ್‌ಲೈನ್ ನಕ್ಷೆಯಲ್ಲಿ ಜಾಗಗಳನ್ನು ಯಾರು ಬೇಕಾದರೂ ತಿದ್ದಬಹುದು, ನನಗೋ ಅದು ಕೈಗೆ ಬಂದ ವಿದ್ಯೆ. ಊಟದ ಬಿಡುವಿನಲ್ಲಿ ಲಕ್ಷ್ಮೀ ನಿಲಯವನ್ನು ಬುಡಸಮೇತ ಕಿತ್ತು, ಮುಖ್ಯರಸ್ತೆಯ ಇರಾನಿ ಚಹಾದ ಹೋಟೆಲಿನ ಮುಂದೆ ನೆಟ್ಟೆ. ಅಲ್ಲಿಗೆ ಎಲ್ಲರೂ ಬರುತ್ತಾರೆ, ಬಂದು ಫೋನ್ ಮಾಡುತ್ತಾರೆ, ನಾನು ಹೋಗಿ ತಂದುಕೊಳ್ಳುತ್ತೇನೆ. ಅಂದಿನಿಂದ ಕಟ್ಟಡದ ಹದಿನಾಲ್ಕು ಸಂಸಾರಗಳೂ ತಮ್ಮ ಸಾಮಾನನ್ನು ಚಹಾದ ಹೋಟೆಲಿನಿಂದಲೇ ಹೊತ್ತು ತರುತ್ತಿವೆ, ಯಾಕೆಂದು ತಿಳಿಯದೆ. ಕ್ರಮೇಣ ನಾನೂ ಮರೆತೆ. ಅಪ್ಪ ಸುತ್ತಿದ್ದು ಯಾಕೆಂದು ಆ ಕ್ಷಣದಲ್ಲಿ ಹೊಳೆಯಿತು. ಅವರಿಗೂ ನಕ್ಷೆಯನ್ನೇ ಕಳಿಸಿದ್ದೆ.

"ಬಾಯಾರ, ಅಲ್ಲೇ ಇರ್ರಿ, ಬಂದೆ!" ಎಂದು ಕನ್ನಡದಲ್ಲಿ ಕೂಗಿ ಎದ್ದೆ. ಬಾಗಿಲಲ್ಲಿ ಶಿವಶರಣಪ್ಪನವರು ಕಾಲು ಚಾಚಿ ಕೂತಿದ್ದರು.

"ಎಲ್ಲಿಗೆ?"

"ಕರ್ಕೊಂಡು ಬರಾಕ್ರೀ ಅಣ್ಣಾರ. ನಕ್ಷೆ ತಪ್ಪೈತಿ."

"ನಕ್ಷೆ ತಪ್ಪು ಮಾಡಿದವ್ರು ಯಾರು?"

ಹೇಳಬೇಕಾಯಿತು. ಸಪ್ನಾ ನಕ್ಕು ನಕ್ಕು ಗೋಡೆಗೆ ಒರಗಿದಳು. "ಮಾರಾಯಾ, ಮಂದಿ ಮನಿ ಗುರುತು ಹಚ್ಚಾಕ ಪಗಾರ ತಗೋತಿ, ನಿನ್ನ ಮನಿ ಸಮೋಸಾ ಬಾಂಡ್ಲಿಯಾಗ ಇಟ್ಟೀಯಲ್ಲೋ!"

ಶಿವಶರಣಪ್ಪನವರು ಕಾಲು ತೆಗೆಯಲಿಲ್ಲ. "ಸ್ಟಾಪ್ ಬರೂತನಕ ನನ್ನ ಬಸ್ಸಿನಾಗ ಯಾರೂ ಇಳಿಯಾಂಗಿಲ್ಲ. ಕೂಡು."

ಫೋನಿನಲ್ಲಿ ಹೋಟೆಲಿನವನ ದನಿ ಕೇಳುತ್ತಿತ್ತು: "ಅರೇ ಅಮ್ಮಾ, ಖಡೇ ಕಾಯ್ಕು ಹೈಂ? ಬೈಠೋ, ಚಾಯ್ ಪಿಯೋ." ಬಾಯಾರು ಕುರ್ಚಿ ಎಳೆದುಕೊಂಡ ಸದ್ದೂ ಬಂತು. ಆಮೇಲೆ ಒಂದೇ ಮಾತು, ಫ್ರೆಂಚಿನಲ್ಲಿ: "ನನಗೆ ತುರ್ತಿಲ್ಲ."

ಈಗ ನಕ್ಷೆಯಿಂದ ಉಪಯೋಗವಿರಲಿಲ್ಲ. ಆ ಒಳಗಲ್ಲಿಗಳು ಅದರಲ್ಲಿ ಬರೀ ಬೂದುಬಣ್ಣ. ನಾನು ದಿನಾ ಎರಡು ಸಲ ನಡೆಯುವ ದಾರಿ ಅದು, ಆದರೂ ಕಣ್ಣು ಮುಚ್ಚಿದರೆ ಏನೂ ಕಾಣಲಿಲ್ಲ. ಹೋಟೆಲಿನಿಂದ ಎಡಕ್ಕೋ ಬಲಕ್ಕೋ? ಯಾವ ಕಡೆ ಮುಖಮಾಡಿ ನಿಂತವರಿಗೆ? ಅವರು ಯಾವ ಕಡೆ ಮುಖಮಾಡಿ ಕೂತಿದ್ದಾರೆ? ಅದು ನನಗೆ ಗೊತ್ತೇ ಇಲ್ಲ ಎಂದು ಆಗ ಗೊತ್ತಾಯಿತು. ಹಾಗಾದರೆ ಕೇಳಬೇಕಷ್ಟೆ.

"ನಿಮಗೆ ಏನು ಕಾಣುತ್ತಿದೆ ಮೇಡಂ?" ಫ್ರೆಂಚಿನಲ್ಲಿ ಪದಕ್ಕೆ ಪದ ಕೂಡಿಸಿದೆ. ಕೆಸ್ಕ ವು ವ್ವಾಯೆ?

ಆ ಕಡೆಯಿಂದ ಉತ್ತರ ಥಟ್ಟನೆ ಬಂತು, ಅದಕ್ಕೇ ಕಾಯುತ್ತಿದ್ದವರ ಹಾಗೆ. ಮುಂದೆ ಸಮೋಸಾ. ಬಲಕ್ಕೆ ದರ್ಜಿಯ ಅಂಗಡಿ. ದರ್ಜಿಯ ಆಚೆ ಬೇವಿನ ಮರ.

"ಸಮೋಸಾಕ್ಕೆ ಬೆನ್ನು ಮಾಡಿ" ಎಂದೆ.

"ಅದು ಕಷ್ಟ" ಎಂದರು ಬಾಯಾರು. ಆದರೂ ಮಾಡಿದರು.

ಬೇವಿನ ಮರದ ಬಳಿ ಎಡಕ್ಕೆ. ಈಗ ಏನು ಕಾಣುತ್ತಿದೆ? ಒಂದು ಎಮ್ಮೆ. ಎಮ್ಮೆ ಬೇಡ, ಗೋಡೆ ಏನಾದರೂ? ಹಸಿರು ಗೋಡೆ. ಅದರ ಉದ್ದಕ್ಕೂ ಬನ್ನಿ. ಇಪ್ಪತ್ತು ಹೆಜ್ಜೆ. ಎಣಿಸಿದ್ದು ಕೇಳುತ್ತಿತ್ತು, ಫ್ರೆಂಚಿನಲ್ಲಿ, ನಡುನಡುವೆ ಮಂಡಿಯ ನೋವಿಗೆ ಉಸಿರು ಹಿಡಿಯುತ್ತ. ನನ್ನ ಕೈಗಳು ತೊಡೆಯ ಕೆಳಗೆ ಜೋಮು ಹಿಡಿದಿದ್ದವು. ಶಿವಶರಣಪ್ಪನವರು ಕೂಡ ಮುಂದೆ ಬಾಗಿ ಕೂತಿದ್ದರು. ಭಾಷೆ ತಿಳಿಯದಿದ್ದರೂ, ಬಸ್ಸು ಹಿಂದಕ್ಕೆ ಬರುವಾಗ ಕಂಡಕ್ಟರ್ ನೋಡುವ ಹಾಗೆ ಫೋನನ್ನೇ ನೋಡುತ್ತಿದ್ದರು.

ನಲವತ್ತು ನಿಮಿಷವಾಯಿತು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಮೊದಲ ಮಹಡಿ, ಎರಡನೇ ಮಹಡಿ. ಶಿವಶರಣಪ್ಪನವರು ಕುರ್ಚಿ ಸರಿಸಿದರು. ಬಾಗಿಲಲ್ಲಿ ಬಾಯಾರು ನಿಂತಿದ್ದರು, ಬೆವರಿನಲ್ಲಿ ತೊಯ್ದು, ಕೈಯಲ್ಲಿ ಎಣ್ಣೆ ಜಿನುಗುವ ಕಾಗದದ ಪೊಟ್ಟಣ.

"ನಿನ್ನ ರೂಮಿಗೆ ಯಾರೂ ಕರ್ಕೊಂಡು ಬರದ ತಾನಾಗಿ ಬಂದಾವ್ರ ಪೈಕಿ ನಾನ ಮೊದಲನೇದಾಕಿ ಏನೋ?"

"ಹೌದ್ರೀ ಬಾಯಾರ."

"ಹಂಗಿದ್ರ ಚಹಾ ಮಾಡು. ಅಲ್ಲೇ ಎರಡು ಕುಡಿದೀನಿ, ಅವು ಪರೀಕ್ಷಾದ ಲೆಕ್ಕ. ಇದು ಮನಿಗೆ ಬಂದ ಪಾವ್ಹಣರ ಲೆಕ್ಕ."

ಹೊಗಳಿಕೆಯ ಮಾತೇನೂ ಆಡಲಿಲ್ಲ ಅವರು. ಚಾಪೆಯ ಮೇಲೆ ಕಾಲು ಚಾಚಿ, ಮಂಡಿ ಒತ್ತಿಕೊಳ್ಳುತ್ತ, ಸಮೋಸಾ ಹಂಚಿದರು. ಹಂಚುತ್ತ, "ಇಷ್ಟು ದಿನ ನೀವೆಲ್ಲಾ ಹೇಳ್ತಿದ್ರಿ. ಇವತ್ತು ಇಂವ ಒಬ್ಬಂವ ಕೇಳ್ದ" ಎಂದಷ್ಟೇ ಹೇಳಿದರು.

ಡಿಸೆಂಬರಿನಲ್ಲಿ ಪರೀಕ್ಷೆ. ಬಾಯಾರನ್ನು ಒಳಗೆ ಬಿಡುವುದಿಲ್ಲ. ಗಂಡಹೆಂಡತಿ ಎದುರಿನ ಫುಟ್‌ಪಾತಿನ ಮೇಲೆ ಊಟದ ಡಬ್ಬಿ ಹಿಡಿದು ಕೂತರು. ನನ್ನ ಪರೀಕ್ಷಕಿ ಕನ್ನಡಕದ ನಡುವಯಸ್ಸಿನ ಹೆಂಗಸು. ಬೆಳಿಗ್ಗೆಯಿಂದ ನಲವತ್ತು ಜನರಿಂದ ದಾರಿ ಕೇಳಿ ಕೇಳಿ ದಣಿದಿದ್ದರು. ನಕ್ಷೆ ಮುಂದಿಟ್ಟು, ನಿಲ್ದಾಣದಿಂದ ಔಷಧಿ ಅಂಗಡಿಗೆ ದಾರಿ ಹೇಳಿ ಎಂದರು. ಹೇಳಿದೆ. ಮುಗಿಸಿದ ಮೇಲೆ ಅವರು ತಲೆಯಾಡಿಸಿದರು.

"ಔಷಧಿ ಅಂಗಡಿ ಕಾಣಿಸುತ್ತಿಲ್ಲವಲ್ಲ."

ನಕ್ಷೆ ನೋಡಿದೆ. ಒಂದು ತಿರುವು ಬಿಟ್ಟುಬಿಟ್ಟಿದ್ದೆ. ಎಲ್ಲಿ ಬಿಟ್ಟೆನೆಂದು ತಿಳಿಯಲಿಲ್ಲ. ನನ್ನ ಕಾಲುಗಳು ಆಗಲೇ ಕುರ್ಚಿಯ ಕೆಳಗೆ ಚಪ್ಪಲಿ ಹುಡುಕುತ್ತಿದ್ದವು, ಹೋಗಿ ಕರೆತರಲು. ಅಂಗೈಗಳನ್ನು ತೊಡೆಯ ಕೆಳಗೆ ತಳ್ಳಿದೆ. ಸಮೋಸಾದ ವಾಸನೆ ಬಂದ ಹಾಗಾಯಿತು.

"ಕೆಸ್ಕ ವು ವ್ವಾಯೆ?" ಎಂದೆ. ನಿಮಗೆ ಏನು ಕಾಣುತ್ತಿದೆ?

ಪರೀಕ್ಷಕಿ ಕನ್ನಡಕ ಸರಿಮಾಡಿಕೊಂಡು ನೆಟ್ಟಗೆ ಕೂತರು. "ನನಗೆ..." ಎಂದು ನಕ್ಷೆಯ ಮೇಲೆ ಬೆರಳಾಡಿಸಿ, "ಒಂದು ಕಾಫಿ ಅಂಗಡಿ ಕಾಣುತ್ತಿದೆ" ಎಂದರು.

"ಕಾಫಿ ಅಂಗಡಿಗೆ ಬೆನ್ನು ಮಾಡಿ."

ಅವರು ಕುರ್ಚಿಯಲ್ಲೇ ಸ್ವಲ್ಪ ತಿರುಗಿದರು. ಅಂಗಡಿ ಸಿಕ್ಕಿತು.

ಹತ್ತು ದಿನದ ನಂತರ ಜನಾರ್ದನರು ಫೋನ್ ಹಿಡಿದು ಮೂರನೇ ಖೋಲಿಗೆ ಬಂದರು. ಹೆಸರು ಓದತೊಡಗಿದರು. ಸಪ್ನಾ ಪಾಸು. ಮುಂದಿನ ಮೂವರು ಪಾಸು. ಐದನೆಯವರೂ ಪಾಸು. ದೀಪಕ ಕೇಳುವ ಭಾಗದಲ್ಲಿ ಎರಡು ಅಂಕ ಕಡಿಮೆಯಾಗಿ ಫೇಲಾದ. ಪರವಾನಗಿ ಖರ್ಚಾಯಿತು. ಉಳಿದದ್ದು ನಾನು. ಬಾಯಾರು ನನ್ನ ಕಡೆ ನೋಡಲಿಲ್ಲ. ಗೋಡೆಯ ನಕ್ಷೆಯ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದು ನಿಂತಿದ್ದರು.

"ವೈಭವ..." ಜನಾರ್ದನರು ಪರದೆಯನ್ನು ಮೇಲೆ ಕೆಳಗೆ ಸರಿಸಿದರು. "ನಿಮ್ಮ ಹೆಸ್ರು ಎಲ್ಲಪ್ಪಾ... ಹಾಂ. ಪಾಸು. ಮಾತಿನ ಭಾಗದಲ್ಲಿ ಎಲ್ಲರಿಗಿಂತ ಜಾಸ್ತಿ ಇದೆಯಲ್ರೀ! ಏನ್ ಹೇಳಿದ್ರಿ ಅಲ್ಲಿ?"

"ಏನೂ ಹೇಳಿಲ್ಲ ಸರ್. ಕೇಳಿದೆ."

ಜನಾರ್ದನರು ಮಾತಿಗೆ ತಪ್ಪುವವರಲ್ಲ. ಜರ್ಮನ್ ಮಂದಿ ಇನ್ನೂ ಮೆಟ್ಟಿಲ ಮೇಲೇ ಕೂರುತ್ತಾರೆ. ದೀಪಕ ಮಾತ್ರ ಬೇಸರವಿಲ್ಲದೆ, "ಮುಂದಿನ ಬ್ಯಾಚಿಗೆ ಒಬ್ಬರಾದ್ರೂ ಹೆಸರು ಹಚ್ಚಬೇಕಲ್ರೀ ಮ್ಯಾಡಂ, ಅದಕ್ಕ ನಾ ಉಳಿದೆ" ಎಂದ. ಬಾಯಾರು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟು, ಎಲ್ಲರನ್ನೂ ಆಯ್ತವಾರ ಮೆಹದಿಪಟ್ಟಣಂನ ಮನೆಗೆ ಊಟಕ್ಕೆ ಕರೆದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಹೋಳಿಗೆ.

"ಮನಿ ಎಲ್ಲಿ ಬರ್ತೈತ್ರೀ ಬಾಯಾರ?" ಎಂದು ಸಪ್ನಾ ಕೇಳಿದಳು.

ಬಾಯಾರು ಚೀಲ ಹೆಗಲಿಗೇರಿಸಿಕೊಳ್ಳುತ್ತ, ಒಂದು ಕ್ಷಣವೂ ಯೋಚಿಸದೆ ಹೇಳಿದರು: "ಭಾಳ ಸಸಾರ. ಮೇಲ್ಸೇತುವಿ ಕಂಬ ಐತಲ್ಲ, ನಲವತ್ತನೇ ನಂಬರು, ಅಲ್ಲಿಗೆ ಬಂದು ಫೋನ್ ಮಾಡ್ರಿ. ಇವರು ಬಂದು ಕರ್ಕೊಂಡು ಬರ್ತಾರ."

ಏಳೂ ಜನ ಅವರನ್ನೇ ನೋಡಿದೆವು. ಅವರ ಬಲಗೈ ಗಾಳಿಯಲ್ಲಿತ್ತು. ಅದನ್ನು ಅವರೂ ನೋಡಿಕೊಂಡರು. ಮೆಲ್ಲಗೆ ಕೆಳಗಿಳಿಸಿ, ಚೀಲದ ಕೆಳಗೆ ಮುಚ್ಚಿಟ್ಟರು.